ನಾಲೆಯ ನೀರು ನಿಂತ ಮೇಲೂ ಸಿಗದ ಚಿಕ್ಕಪ್ಪ

ಎತ್ತರ 5.6 ಅಡಿ, ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಮನೆಯಿಂದ ಹೊರಟಾಗ ಬಿಳಿ ಬಣ್ಣದ ತುಂಬು ತೋಳಿನ ಅಂಗಿ ಧರಿಸಿರುತ್ತಾರೆ, ಕನ್ನಡ ಮಾತನಾಡುತ್ತಾರೆ. ಹತ್ತು ವರ್ಷಗಳ ಹಿಂದೆ ಕಾಣೆಯಾದ ನಮ್ಮ ಚಿಕ್ಕಪ್ಪನ ಬಗ್ಗೆ ದಾವಣಗೆರೆಯ ಪತ್ರಿಕೆಯ ಒಳಪುಟದಲ್ಲಿ ಅಚ್ಚಾದದ್ದು ಇಷ್ಟೇ. ಅವರು ಚನ್ನಗಿರಿ ಕಡೆಯ ಅಡಿಕೆ ತೋಟಗಳನ್ನು ಚೇಣಿ, ಅಂದರೆ ಫಸಲಿನ ಗುತ್ತಿಗೆ, ಹಿಡಿಯುತ್ತಿದ್ದರೆಂಬುದಾಗಲಿ, ಆ ದಿನ ಪಾಲುದಾರನೊಬ್ಬನ ಬಳಿ ಲೆಕ್ಕ ಚುಕ್ತಾ ಮಾಡಿಸಿಕೊಂಡು ಬರುತ್ತೇನೆಂದು ಹೇಳಿ ಹೊರಟಿದ್ದರೆಂಬುದಾಗಲಿ ಆ ಪ್ರಕಟಣೆಯಲ್ಲಿ ಇರಲಿಲ್ಲ.

ದೀಪಾವಳಿ ಮುಗಿದ ಮರುವಾರ ಅದು. ರಾತ್ರಿ ಎಂಟರ ಹೊತ್ತಿಗೆ ಫೋನ್ ಸ್ವಿಚ್ ಆಫ್ ಆಯಿತು. ಮರುದಿನ ಠಾಣೆಗೆ ಹೋದಾಗ, "ವಯಸ್ಸಿಗೆ ಬಂದ ಗಂಡಸು, ಎಲ್ಲಿಗೋ ಹೋಗಿರ್ತಾರೆ, ಎರಡು ದಿನ ನೋಡಿ" ಎಂದು ಹೇಳಿ ಕಳುಹಿಸಿದರು. ಮೂರನೆಯ ದಿನ ಅವರ ಬೈಕು ಭದ್ರಾ ನಾಲೆಯ ಏರಿಯ ಮೇಲೆ ಸಿಕ್ಕಿತು. ಸ್ಟ್ಯಾಂಡ್ ಹಾಕಿ ನಿಲ್ಲಿಸಲಾಗಿತ್ತು, ಕೀಲಿ ಅದರಲ್ಲೇ ಇತ್ತು. ಆದರೆ ಚಿಕ್ಕಪ್ಪ ಮಗುವಿನಂತೆ ಜೋಪಾನ ಮಾಡುತ್ತಿದ್ದ ಲೆಕ್ಕದ ಕೈಚೀಲ ಇರಲಿಲ್ಲ. ಆ ಕ್ಷಣದಿಂದ ಠಾಣೆಯವರ ಮಟ್ಟಿಗೆ ಎಲ್ಲವೂ ತೀರ್ಮಾನವಾದಂತಾಯಿತು: ಸಾಲ ಇತ್ತು, ನಾಲೆಗೆ ಹಾರಿದ್ದಾರೆ, ಹೆಣ ತೇಲಿದಾಗ ತಿಳಿಯುತ್ತದೆ.

ನಾವು ನಾಲೆಯುದ್ದಕ್ಕೂ ಹುಡುಕಿದೆವು. ಪ್ರತಿ ತೂಬು, ಪ್ರತಿ ಸೇತುವೆ, ಕಸ ಬಂದು ನಿಲ್ಲುವ ಪ್ರತಿ ಜಾಗವನ್ನೂ ಗೇಟು ನೋಡಿಕೊಳ್ಳುವ ಸೌಡಿಯೊಬ್ಬರು ನಮ್ಮ ಜೊತೆ ನಡೆದು ತೋರಿಸಿದರು; ಸಂಬಂಧವಿಲ್ಲದ ಆ ಮನುಷ್ಯ ಮೂರು ದಿನ ತಮ್ಮ ಕೆಲಸದ ನಡುವೆ ಬಂದು ಹೋದದ್ದನ್ನು ನಾನು ಮರೆಯಲಾರೆ. ಕೆಲವು ವಾರಗಳ ನಂತರ ಮಳೆಗಾಲದ ಬೆಳೆಯ ಸರದಿ ಮುಗಿದು ನೀರು ನಿಂತಿತು. ನಾಲೆಯ ತಳ ಒಣಗಿ, ಕೆಸರು ಬಿರುಕು ಬಿಟ್ಟು, ಒಡೆದ ಕೊಡ, ಪ್ಲಾಸ್ಟಿಕ್ ಚೀಲ, ಹಳೆಯ ಟೈರುಗಳು ಕಾಣಿಸಿದವು. ಚಿಕ್ಕಪ್ಪ ಇರಲಿಲ್ಲ. ಅಂದು ಹಾರಿದರೆಂಬ ಮಾತು ನನ್ನ ಪಾಲಿಗೆ ಸತ್ತುಹೋಯಿತು, ಆದರೆ ಕಡತದಲ್ಲಿ ಅದು ಹಾಗೆಯೇ ಉಳಿಯಿತು. ಹರಿಹರದ ತುಂಗಭದ್ರೆಯಲ್ಲಿ ಅಪರಿಚಿತ ಶವ ಸಿಕ್ಕಿತೆಂದು ಗೊತ್ತಾದಾಗಲೆಲ್ಲ ಶವಾಗಾರದ ಬಾಗಿಲಲ್ಲಿ ನಿಂತು ಬಂದಿದ್ದೇವೆ. ಹೋಲಿಕೆಗೆಂದು ಅವರ ಮಗನ ರಕ್ತದ ಮಾದರಿಯನ್ನು ಇಂದಿಗೂ ಯಾರೂ ತೆಗೆದುಕೊಂಡಿಲ್ಲ.

ಪಾಲುದಾರನ ಹೇಳಿಕೆ ಪಡೆದದ್ದು ಎರಡು ತಿಂಗಳ ಮೇಲೆ. ಆ ಹೊತ್ತಿಗೆ ರಸ್ತೆಬದಿಯ ಪೆಟ್ರೋಲ್ ಬಂಕ್‌ನ ಕ್ಯಾಮೆರಾದಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಕೂತಿತ್ತು. ಮೊಬೈಲ್ ಕರೆಗಳ ವಿವರ ಕೇಳಿ ಅಧಿಕಾರಿ ಪತ್ರ ಬರೆಯುವಷ್ಟರಲ್ಲಿ ವರ್ಷ ಕಳೆದಿತ್ತು. ಟೆಲಿಕಾಂ ಕಂಪನಿಗಳು ಆಗ ಕರೆಯ ದಾಖಲೆಗಳನ್ನು ಒಂದು ವರ್ಷ ಇಟ್ಟುಕೊಂಡರೆ ಸಾಕಿತ್ತು, ಅವಧಿಯನ್ನು ಎರಡು ವರ್ಷಕ್ಕೆ ಹೆಚ್ಚಿಸಿದ್ದು 2021ರ ಡಿಸೆಂಬರ್‌ನಲ್ಲಿ. ಯಾರನ್ನೂ ಅಪರಾಧಿ ಎಂದು ಇಲ್ಲಿ ಬರೆಯಲು ನನ್ನ ಬಳಿ ಪುರಾವೆ ಇಲ್ಲ. ಆ ಪುರಾವೆ ಹುಡುಕಬೇಕಾಗಿದ್ದ ದಿನಗಳು ಕಾಯುವುದರಲ್ಲಿ ಹೋದವು ಎಂಬುದು ಮಾತ್ರ ನನಗೆ ಸ್ಪಷ್ಟವಾಗಿ ಗೊತ್ತು.

ಶವ ಸಿಗದೆ ಕೊಲೆ ಎಂದು ಹೇಗೆ ಹೇಳುವುದು ಎಂಬ ಪ್ರಶ್ನೆ ನನಗೆ ಎಷ್ಟು ಬಾರಿ ಎದುರಾಗಿದೆಯೋ ಲೆಕ್ಕವಿಲ್ಲ. ರಮಾನಂದ ವಿರುದ್ಧ ಹಿಮಾಚಲ ಪ್ರದೇಶ ಸರ್ಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1981ರಲ್ಲೇ ಇದಕ್ಕೆ ಉತ್ತರಿಸಿದೆ: ಸಾವು ಸಂಭವಿಸಿದೆ ಎಂಬುದನ್ನು ನಂಬಲರ್ಹವಾದ ನೇರ ಅಥವಾ ಸಾಂದರ್ಭಿಕ ಸಾಕ್ಷ್ಯದಿಂದ ಸಾಬೀತುಪಡಿಸಬಹುದಾದರೆ ಶಿಕ್ಷೆ ವಿಧಿಸಲು ಶವ ಸಿಗಲೇಬೇಕೆಂದಿಲ್ಲ. ಕೊನೆಯ ಬಾರಿಗೆ ಯಾರ ಜೊತೆ ಕಂಡರು, ಹಣ ಯಾರಿಂದ ಯಾರಿಗೆ ಬರಬೇಕಿತ್ತು, ಬೈಕು ಅಲ್ಲಿಗೆ ಬಂದದ್ದು ಹೇಗೆ ಎಂಬುದನ್ನು ಒಂದಕ್ಕೊಂದು ಕೊಂಡಿ ಹಾಕುತ್ತಾ ಹೋಗುವುದೇ ಸಾಂದರ್ಭಿಕ ಸಾಕ್ಷ್ಯ. ನಮ್ಮ ಕಡತದಲ್ಲಿ ಮೊದಲ ಕೊಂಡಿಯನ್ನೇ ಯಾರೂ ಹಿಡಿದು ನೋಡಲಿಲ್ಲ. ಕೊಲೆ ಮಾಡುವ ಉದ್ದೇಶದ ಅಪಹರಣದ ಕಲಮನ್ನು ಸೇರಿಸಿ ಎಂದು ನಾವು ಕೊಟ್ಟ ಮೂರು ಅರ್ಜಿಗಳಿಗೆ ಸ್ವೀಕೃತಿಯ ಮೊಹರು ಬಿದ್ದಿದೆ, ಉತ್ತರ ಬಂದಿಲ್ಲ.

ಇನ್ನೊಂದು ಕಡೆ ಏಳು ವರ್ಷ ಕಳೆಯಿತು. ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಒಬ್ಬ ವ್ಯಕ್ತಿಯ ಸುದ್ದಿಯೇ ಇಲ್ಲದಿದ್ದರೆ, ಅವನು ಬದುಕಿದ್ದಾನೆಂದು ಹೇಳುವವರೇ ಅದನ್ನು ರುಜುವಾತು ಮಾಡಬೇಕು ಎನ್ನುತ್ತದೆ ಕಾನೂನು. ಹಳೆಯ ಸಾಕ್ಷ್ಯ ಅಧಿನಿಯಮದ 108ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಂ. ಆದರೆ ಅದರಿಂದ ಸಿಗುವುದು ಸತ್ತಿದ್ದಾರೆಂಬ ಊಹೆ ಮಾತ್ರ. ಯಾವಾಗ ಸತ್ತರು ಎಂಬುದನ್ನು ಹಾಗೆ ಊಹಿಸಲು ಬರುವುದಿಲ್ಲ, ಹೇಳುವವರೇ ರುಜುವಾತು ಮಾಡಬೇಕು ಎಂದು ಜೀವ ವಿಮಾ ನಿಗಮ ವಿರುದ್ಧ ಅನುರಾಧಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದೆ. ಹೇಗೆ ಸತ್ತರು ಎಂಬ ಮಾತಂತೂ ಅಲ್ಲಿ ಬರುವುದೇ ಇಲ್ಲ. ಗಂಡನ ಹೆಸರಿನಲ್ಲಿರುವ ಎರಡು ಎಕರೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಚಿಕ್ಕಮ್ಮನಿಗೆ ಮರಣ ಪ್ರಮಾಣಪತ್ರ ಬೇಕು, ಅದಕ್ಕೆ ಚಿಕ್ಕಪ್ಪ ಸತ್ತಿದ್ದಾರೆಂಬ ಸಿವಿಲ್ ನ್ಯಾಯಾಲಯದ ಡಿಕ್ರಿ ಬೇಕು. ದಾವೆ ಹೂಡಲು ಅವರು ಮೂರು ವರ್ಷ ಒಪ್ಪಿರಲಿಲ್ಲ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಪ್ರತಿ ವರ್ಷ ಅಜ್ಜಿ ಸೊಸೆಯ ಮುಖ ನೋಡುತ್ತಿದ್ದರು, ಚಿಕ್ಕಮ್ಮ ತಲೆ ಅಲ್ಲಾಡಿಸುತ್ತಿದ್ದರು, ಚಿಕ್ಕಪ್ಪನ ಹೆಸರಿನ ಎಡೆ ಇಡದೆ ಪೂಜೆ ಮುಗಿಯುತ್ತಿತ್ತು. ಬೇಡ ಎನ್ನುವ ಧೈರ್ಯವಾಗಲಿ, ಇಡಿ ಎನ್ನುವ ಧೈರ್ಯವಾಗಲಿ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಕಳೆದ ತಿಂಗಳು ಚಿಕ್ಕಮ್ಮನೇ ವಕೀಲರ ಕಚೇರಿಗೆ ಬಂದರು. ವಾದಪತ್ರವನ್ನು ಪೂರ್ತಿ ಓದಿಸಿಕೊಂಡು, ಮನೆ ಬಿಟ್ಟು ಹೋದವರು ಎಂದಿದ್ದ ಕಡೆ ಬೆರಳಿಟ್ಟು, "ಅವರು ಮನೆ ಬಿಟ್ಟು ಹೋಗಿಲ್ಲ ಸರ್, ಬಾಕಿ ಕೇಳೋಕೆ ಹೋಗಿದ್ರು, ಹಂಗಂತ ಬರೀರಿ" ಎಂದರು. ವಕೀಲರು ಆ ಪುಟವನ್ನು ತಿದ್ದಿ, ಅಪಹರಣದ ಅನುಮಾನದ ಬಗ್ಗೆ ಕೊಟ್ಟ ಮೂರು ಅರ್ಜಿಗಳ ದಿನಾಂಕಗಳನ್ನೂ ಸೇರಿಸಿ ಮತ್ತೆ ಟೈಪ್ ಮಾಡಿಸಿದರು. ಚಿಕ್ಕಮ್ಮ ಅದನ್ನೂ ಓದಿಸಿಕೊಂಡ ಮೇಲೆಯೇ ಸಹಿ ಹಾಕಿದರು.