ನೋಟಿಸ್ ಬೋರ್ಡಿನ ಬೀಗದ ಕೈ

ಬಳ್ಳಾರಿ
17 ನವೆಂಬರ್ 2024, ಭಾನುವಾರ ರಾತ್ರಿ

ನಾಳೆ ಕನಕ ಜಯಂತಿ. ಕ್ಯಾಲೆಂಡರಿನಲ್ಲಿ ರಜೆ. ಆದರೆ ನಮ್ಮಂಥ ಆಫೀಸಿನವರಿಗೆ ಜಯಂತಿ ರಜೆ ಅಂದರೆ ಅರ್ಧ ರಜೆ. ಬೆಳಿಗ್ಗೆ ಹೋಗಿ ಫೋಟೋಗೆ ಹಾರ ಹಾಕಬೇಕು, ಭಾಷಣ ಕೇಳಬೇಕು, ಉಪ್ಪಿಟ್ಟು ತಿನ್ನಬೇಕು, ಹಾಜರಿಗೆ ಸಹಿ ಮಾಡಬೇಕು. ಹೋಗಲಿ, ನಾಳೆ ನನಗೆ ಅಲ್ಲಿ ಬೇರೆ ಕೆಲಸವೂ ಇದೆ. ಬೋರ್ಡಿಗೆ ಒಂದು ಚಾರ್ಟ್ ಹಾಕಬೇಕು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾನು ಕ್ಯಾಂಪಸ್ಸಿನ ವಿದ್ಯಾರ್ಥಿ ವಿಭಾಗದಲ್ಲಿ ಎಸ್‌ಡಿಎ, ಅಂದರೆ ದ್ವಿತೀಯ ದರ್ಜೆ ಸಹಾಯಕ. ಮೇಲಿಂದ ಬಂದ ಸುತ್ತೋಲೆಗೆ ಇನ್‌ವರ್ಡ್ ನಂಬರ್ ಹಾಕಿ, ಸಾಹೇಬರ ಸಹಿ ಪಡೆದು, ಜೆರಾಕ್ಸ್ ಮಾಡಿಸಿ ಬೋರ್ಡಿಗೆ ಚುಚ್ಚುವುದು ನನ್ನ ಕೆಲಸ. ನಮ್ಮ ಬೋರ್ಡಿಗೆ ಗಾಜಿನ ಬಾಗಿಲು, ಬಾಗಿಲಿಗೆ ಬೀಗ. ಬೀಗದ ಕೈ ಅಟೆಂಡರ್ ಹತ್ತಿರ. ಅಟೆಂಡರ್ ರಜೆ ಹಾಕಿದರೆ ಸರ್ಕಾರವೇ ಬಂದರೂ ಆ ಬಾಗಿಲು ತೆಗೆಯಲ್ಲ. ಪಡುವಣ ಬಿಸಿಲು ನೇರ ಬೀಳುವ ಗೋಡೆ ಬೇರೆ. ನಮ್ಮೂರ ಬಿಸಿಲಿಗೆ ಬಿಳಿ ಹಾಳೆ ಹದಿನೈದು ದಿನದಲ್ಲಿ ಹಪ್ಪಳದ ಬಣ್ಣಕ್ಕೆ ತಿರುಗುತ್ತದೆ. ಕಳೆದ ವರ್ಷದ ಪ್ರಬಂಧ ಸ್ಪರ್ಧೆಯ ಹಾಳೆ ಇನ್ನೂ ಒಂದು ಮೂಲೆಯಲ್ಲಿದೆ, ಅದರ ಮೇಲೆ ಹಲ್ಲಿ ಮೊಟ್ಟೆ ಇಟ್ಟಿದೆ.

ಶುಕ್ರವಾರ ನಡೆದದ್ದನ್ನು ಬರೆಯಲೇಬೇಕು. ಎರಡು ದಿನದಿಂದ ಮನಸ್ಸಿಗೆ ಚುಚ್ಚುತ್ತಾ ಇದೆ.

ನಮ್ಮ ಕ್ಯಾಂಟೀನ್ ಅಕ್ಕನ ಮಗ ಹೋದ ವರ್ಷ ಬಿಕಾಂ ಮುಗಿಸಿದ. ವಯಸ್ಸು 22. ಯುವನಿಧಿ ದುಡ್ಡು ತಿಂಗಳಿಗೆ 3,000 ರೂಪಾಯಿ ಬರುತ್ತಿದೆ. ಕೆಲಸ ಸಿಕ್ಕಿಲ್ಲ, ಓದನ್ನೂ ಮುಂದುವರಿಸಿಲ್ಲ ಅಂತ ಆಗಾಗ ಸ್ವಯಂ ಘೋಷಣೆ ಕೊಡಬೇಕು. 'ಇಲ್ಲ, ಇಲ್ಲ ಅಂತ ಒತ್ತಿ ಒತ್ತಿ ಬೇಜಾರಾಗಿದೆ ಸಾರ್' ಅಂತ ಒಮ್ಮೆ ನಕ್ಕಿದ್ದ. ಅಕ್ಕ ನನಗೆ ಚಹಾ ಕೊಡುವಾಗಲೆಲ್ಲ ಒಂದೇ ಮಾತು: 'ಸಾರ್, ನಮ್ ಹುಡುಗಂಗೆ ಏನಾರ ಇದ್ರೆ ಹೇಳ್ರಿ.'

ಇತ್ತು. ಪಿಎಂ ಇಂಟರ್ನ್‌ಶಿಪ್ ಅಂತ ಅಕ್ಟೋಬರಿನಲ್ಲಿ ಶುರುವಾಯಿತಲ್ಲ, ಅದು ಇವನಂಥವರಿಗೇ ಹೇಳಿ ಮಾಡಿಸಿದ್ದು. ಈ ಸುತ್ತಿಗೆ 21ರಿಂದ 24 ವಯಸ್ಸಿನವರು, ರೆಗ್ಯುಲರ್ ಆಗಿ ಓದುತ್ತಿರಬಾರದು, ಪೂರ್ಣಾವಧಿ ಕೆಲಸದಲ್ಲಿರಬಾರದು. ದೊಡ್ಡ ಕಂಪನಿಯಲ್ಲಿ ಒಂದು ವರ್ಷ, ತಿಂಗಳಿಗೆ 5,000, ಸೇರುವಾಗ ಒಂದು ಸಲ 6,000. ಎಂಎ, ಎಂಬಿಎ ಮಾಡಿದವರಿಗೆ ಇಲ್ಲ. ನಮ್ಮಲ್ಲಿ ಓದುತ್ತಿರುವವರೆಲ್ಲ ಪಿಜಿ ಹುಡುಗರು, ನಮಗೇನು ಸಂಬಂಧ ಅಂತ ಹಾಳೆಯನ್ನು ಫೈಲಿಗೆ ಸೇರಿಸಿದೆ. ದೀಪಾವಳಿ ಬಂತು, ರಾಜ್ಯೋತ್ಸವ ಬಂತು. ಕೊನೆಯ ದಿನ 10 ಅಂತ ಇತ್ತು, ಅದೂ ಹೋಯಿತು. ಆಮೇಲೆ 15ರವರೆಗೆ ಮುಂದಕ್ಕೆ ಹಾಕಿದರು. ಆಗ ನಾನು ಸಂಡೂರು ಉಪಚುನಾವಣೆ ಡ್ಯೂಟಿಯಲ್ಲಿದ್ದೆ. 12ಕ್ಕೆ ಮಸ್ಟರಿಂಗ್ (ಯಂತ್ರ ಪಡೆದು ಬೂತಿಗೆ ಹೊರಡುವುದು), 13ಕ್ಕೆ ಮತದಾನ. ಪೆಟ್ಟಿಗೆ ಒಪ್ಪಿಸಿ ಮನೆ ಸೇರಿದಾಗ ನಡುರಾತ್ರಿ. 14ರಂದು ಮಲಗಿಬಿಟ್ಟೆ.

ಶುಕ್ರವಾರ, ಅಂದರೆ ಕೊನೆಯ ದಿನವಾದ 15ರಂದೇ, ನಾಲ್ಕು ಗಂಟೆಗೆ ಮೇಲ್ ನೋಡಿದೆ. ಓಡಿದೆ ಕ್ಯಾಂಟೀನಿಗೆ.

ಹುಡುಗ ಬಂದಾಗ ಐದೂವರೆ. ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕ್ಸ್ ಕಾರ್ಡು, ಆಧಾರ್, ಪಾಸ್‌ಬುಕ್ ಎಲ್ಲ ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದ. ನನ್ನ ಕಂಪ್ಯೂಟರಿನಲ್ಲೇ ಕೂತೆವು. ಹೆಸರು, ನಂಬರು ಹಾಕಿದೆವು. ಆಧಾರ್‌ಗೆ ಒಟಿಪಿ ಕಳಿಸಿದೆ ಅಂತ ಬಂತು. ಅವನು ಫೋನ್ ನೋಡಿದ, ನಾನು ಅವನನ್ನು ನೋಡಿದೆ. ಒಟಿಪಿ ಬರಲಿಲ್ಲ. ಆಧಾರ್‌ಗೆ ಜೋಡಿಸಿದ್ದ ನಂಬರು ಅವನು ಎಂಟನೇ ಕ್ಲಾಸಿನಲ್ಲಿದ್ದಾಗ ಅವರ ಮಾವ ಕೊಡಿಸಿದ ಸಿಮ್ಮಿನದು. ಅದು ಬಂದ್ ಆಗಿ ಎಷ್ಟೋ ವರ್ಷ. ಈಗ ಆ ನಂಬರು ಯಾರ ಜೇಬಿನಲ್ಲಿದೆಯೋ! ಒಂದು ಸಲ ಕರೆ ಮಾಡಿ ನೋಡಿದ ಕೂಡ. ಯಾರೋ ಹಿಂದಿಯಲ್ಲಿ ಹಲೋ ಅಂದರು, ಇಟ್ಟುಬಿಟ್ಟ.

ಆಧಾರ್ ಸೆಂಟರಿಗೆ ಖುದ್ದಾಗಿ ಹೋಗಿ ಬೆರಳು ಒತ್ತಿ ನಂಬರ್ ಬದಲಿಸಬೇಕು. ಈ 2024ರಲ್ಲಿ ಅದಕ್ಕೆ 50 ರೂಪಾಯಿ ಖರ್ಚು. ಅಷ್ಟೇ ಕೆಲಸ. ಆದರೆ ಶುಕ್ರವಾರ ಸಂಜೆ ಆರು ಗಂಟೆಗೆ ಅದು ಆಗಲ್ಲ ಅಲ್ವಾ?

ಅಕ್ಕ ಬೈಯಲಿಲ್ಲ. 'ಇರ್ಲಿ ಬಿಡ್ರಿ ಸಾರ್, ಇನ್ನೊಂದು ಬರ್ತೈತೆ' ಅಂದಳು. ಒಂದು ಪ್ಲೇಟ್ ಮಂಡಕ್ಕಿ ವಗ್ಗರಣಿ, ಎರಡು ಮಿರ್ಚಿ ತಂದಿಟ್ಟಳು. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಇವತ್ತು ಮಧ್ಯಾಹ್ನ ಊಟ ಆದ ಮೇಲೆ ಮಗಳ ಹತ್ತಿರ ಒಂದು ಚಾರ್ಟ್ ಶೀಟ್ ಕೇಳಿದೆ. ಮುಂದಿನ ಒಂದು ತಿಂಗಳಲ್ಲಿ ಏನೇನಿದೆ, ಯಾರಿಗಿದೆ, ಏನು ಬೇಕು, ಎಲ್ಲ ಒಂದೇ ಕಡೆ. ಸುತ್ತೋಲೆ ಭಾಷೆ ಬೇಡ. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಅಂತ ಶುರುವಾದ ಹಾಳೆಯನ್ನು ನಾನೇ ಪೂರ್ತಿ ಓದಲ್ಲ, ಹುಡುಗರು ಓದ್ತಾರಾ?

ಮೊದಲ ಸಾಲು ಕೆಸೆಟ್, ಅಂದರೆ ರಾಜ್ಯದ ಸಹಾಯಕ ಪ್ರಾಧ್ಯಾಪಕ ಅರ್ಹತಾ ಪರೀಕ್ಷೆ. ಬರುವ ಭಾನುವಾರ, 24ಕ್ಕೆ. ನಮ್ಮ ಪಿಎಚ್‌ಡಿ ಹುಡುಗರ ಮುಖ ನೋಡಿದರೇ ಗೊತ್ತಾಗುತ್ತದೆ, ಗಡ್ಡ ಬಿಟ್ಟಿದ್ದಾರೆ. ಈಗ ಗ್ರಂಥಾಲಯ ಸಪ್ತಾಹ ಬೇರೆ, ಪ್ರತಿ ವರ್ಷ 14ರಿಂದ 20. ರೀಡಿಂಗ್ ರೂಮಿನ ಅರ್ಧ ಟೇಬಲ್ಲುಗಳನ್ನು ಪುಸ್ತಕ ಪ್ರದರ್ಶನಕ್ಕೆ ಜೋಡಿಸಿದ್ದಾರೆ. ಓದುವ ಸಪ್ತಾಹದಲ್ಲೇ ಓದಲು ಜಾಗವಿಲ್ಲ ಅಂತ ಒಬ್ಬ ಕಿಟಕಿ ಕಟ್ಟೆ ಮೇಲೆ ಕೂತು ಪೇಪರ್ ಒಂದರ ಗೈಡು ತಿರುವುತ್ತಿದ್ದ. ಅವನಿಗೆ ಹೇಳಿದ್ದನ್ನೇ ಚಾರ್ಟಿನಲ್ಲೂ ಬರೆಸಿದ್ದೇನೆ. ಎರಡು ಪೇಪರ್ ಸೇರಿ 150 ಪ್ರಶ್ನೆ, 300 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಹಾಲ್ ಟಿಕೆಟ್ ಇವತ್ತೇ ಪ್ರಿಂಟ್ ತೆಗೆದು, ಸೆಂಟರ್ ಯಾವ ಊರು, ಯಾವ ಕಾಲೇಜು ಅಂತ ಈಗಲೇ ನೋಡಿಕೊಳ್ಳಿ. ಎರಡು ವರ್ಷದ ಕೆಳಗೆ ನಮ್ಮ ಹುಡುಗಿಯೊಬ್ಬಳು ಪರೀಕ್ಷೆಯ ದಿನ ಬೆಳಿಗ್ಗೆ ಒಂದೇ ಹೆಸರಿನ ಬೇರೆ ಕಾಲೇಜಿನ ಗೇಟಿನಲ್ಲಿ ನಿಂತು ಅತ್ತಿದ್ದಳು. ಇದೇ ಥರದ ರಾಷ್ಟ್ರಮಟ್ಟದ ಪರೀಕ್ಷೆ ನೆಟ್, ಅದರ ಡಿಸೆಂಬರ್ ಸುತ್ತಿನ ಅಧಿಸೂಚನೆಯೂ ಇನ್ನೇನು ಬರಬೇಕು. ಅದರಲ್ಲಿ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಆದರೆ ಶುರುವಿಗೇ ತಿಂಗಳಿಗೆ 37,000. ನನ್ನ ಸಂಬಳದ ಜೊತೆ ಹೋಲಿಸಿ ನೋಡುವ ಧೈರ್ಯ ಮಾಡಲಿಲ್ಲ.

ಎರಡನೆಯದು ಸ್ಕಾಲರ್‌ಶಿಪ್. ಇದಕ್ಕೆ ಚಾರ್ಟಿನ ಕಾಲು ಭಾಗ ಹೋಗಿದೆ, ಯಾಕೆಂದರೆ ನನ್ನ ಕಿಟಕಿಗೆ ಬರುವವರಲ್ಲಿ ಮುಕ್ಕಾಲು ಪಾಲು ಇದೇ ತಕರಾರು. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿ ಬಿಟ್ಟರೆ ಮುಗಿಯಲ್ಲ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಸರಿ ಇರಬೇಕು, ಪತ್ರದ ಅವಧಿ ಮುಗಿದಿದ್ದರೆ ಮತ್ತೆ ನಾಡಕಚೇರಿಗೆ ಹೋಗಬೇಕು, ದಾಖಲೆಗಳ ಇ-ಅಟೆಸ್ಟೇಷನ್ (ಆನ್‌ಲೈನ್ ದೃಢೀಕರಣ) ಆಗಬೇಕು. ಇಷ್ಟೆಲ್ಲ ಆದ ಮೇಲೂ ದುಡ್ಡು ನೀವು ಬರೆದುಕೊಟ್ಟ ಅಕೌಂಟಿಗೆ ಬರಲ್ಲ. ಆಧಾರ್ ಯಾವ ಅಕೌಂಟಿಗೆ ಸೀಡ್ ಆಗಿದೆಯೋ, ಅಂದರೆ ಜೋಡಣೆಯಾಗಿದೆಯೋ, ಅಲ್ಲಿಗೆ ಹೋಗುತ್ತದೆ.

ಸಿರುಗುಪ್ಪ ಕಡೆಯ ಹುಡುಗಿಯೊಬ್ಬಳು ಹೋದ ತಿಂಗಳು ಬಂದಿದ್ದಳು. 'ಸಾರ್, ಎಲ್ಲರಿಗೂ ಬಂದೈತೆ, ನಂಗೊಬ್ಬಳಿಗೇ ಇಲ್ಲ.' ಸ್ಟೇಟಸ್ ತೆಗೆದು ನೋಡಿದರೆ ಹಣ ಜಮಾ ಆಗಿ ಎರಡು ತಿಂಗಳಾಗಿದೆ. ಎಲ್ಲಿಗೆ? ಅವಳು ಹೈಸ್ಕೂಲಿನಲ್ಲಿದ್ದಾಗ ಅವರಮ್ಮ ಊರಿನ ಬ್ಯಾಂಕಿನಲ್ಲಿ ಮಾಡಿಸಿದ್ದ ಅಕೌಂಟಿಗೆ. ಪಾಸ್‌ಬುಕ್ ಎಲ್ಲಿದೆ ಅಂದರೆ, ಅಕ್ಕಿ ಡಬ್ಬಿ ಹಿಂದಿನ ಟ್ರಂಕಿನಲ್ಲಿ. ಅಲ್ಲೇ ನನ್ನ ಮುಂದೆ ನಿಂತು ಅಮ್ಮನಿಗೆ ಫೋನ್ ಮಾಡಿದಳು: 'ಯಮ್ಮಾ, ಟ್ರಂಕ್ ತೆಗಿ.' ಆಮೇಲೆ ನಗುತ್ತಾ ಹೋದಳು. ಆ ನಗುವಿಗೆ ಒಂದು ವಾರ ನನ್ನ ಕೆಲಸ ಹಗುರ ಆಗಿತ್ತು. ಇದನ್ನೆಲ್ಲ ಬರೆಯಲು ಜಾಗ ಇರಲಿಲ್ಲ, 'ಟ್ರಂಕ್ ಒಮ್ಮೆ ತೆಗೆದು ನೋಡಿ' ಅಂತ ಮಾತ್ರ ಬರೆಸಿದೆ. ಅರ್ಥ ಆಗುವವರಿಗೆ ಆಗುತ್ತದೆ.

ಹಾಗೇ ಫೈನಲ್ ಇಯರ್‌ನವರಿಗೆ ಇನ್ನೊಂದು. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ಪ್ರಮಾಣಪತ್ರವನ್ನು ನೇಮಕಾತಿ ಪ್ರಕಟಣೆ ಬಂದ ಮೇಲೆ ಮಾಡಿಸೋಣ ಅಂತ ಕೂರಬೇಡಿ. ಎಸಿ (ಉಪವಿಭಾಗಾಧಿಕಾರಿ) ಆಫೀಸಿನ ಕೆಲಸ ಅದು, ಓದಿದ ಶಾಲೆಗಳ ದಾಖಲೆ ಎಲ್ಲ ಜೋಡಿಸಬೇಕು. ನಮ್ಮ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೆ ಅಂತ ಇದೆ. ಆ ಕಾಗದ ಇಲ್ಲದಿದ್ದರೆ ಇಲ್ಲೇ ಹುಟ್ಟಿ ಬೆಳೆದವನೂ ಹೊರಗಿನವನೇ.

ಬಸ್ ಪಾಸ್ ಬಗ್ಗೆಯೂ ಬರೆಸಬೇಕು ಅಂದುಕೊಂಡೆ, ಬಿಟ್ಟೆ. ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಆಧಾರ್ ತೋರಿಸಿದರೆ ಸಾಕು. ಹುಡುಗರಿಗೆ ಪಾಸ್ ಇದೆ, ಆದರೆ ಕುರುಗೋಡು, ಕಂಪ್ಲಿ ಬಸ್ಸಿನಲ್ಲಿ ಬೆಳಿಗ್ಗೆ ಕಾಲಿಡಲು ಜಾಗವಿಲ್ಲ. ಅದನ್ನು ಚಾರ್ಟ್ ಬಗೆಹರಿಸಲ್ಲ.

ಸ್ವಲ್ಪ ಖುಷಿಯ ಸಂಗತಿಗೂ ಜಾಗ ಇಟ್ಟಿದ್ದೇನೆ. 19ರಿಂದ 25 ವಿಶ್ವ ಪರಂಪರೆ ಸಪ್ತಾಹ. ಇತಿಹಾಸ ವಿಭಾಗದ ಹುಡುಗರು ಶನಿವಾರ ಸಂಗನಕಲ್ಲು ಗುಡ್ಡಕ್ಕೆ ಹೋಗುತ್ತಾರೆ, ಬೇರೆ ವಿಭಾಗದವರೂ ಸೇರಬಹುದಂತೆ. ಹೊಸ ಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗ ನಮ್ಮ ಊರಿನ ಮಗ್ಗುಲಲ್ಲೇ ಇದೆ, ನಾವು ಹಂಪಿಗೆ ಓಡುತ್ತೇವೆ. ಕುಪ್ಪಗಲ್ಲು ಕಡೆ ಬಂಡೆಗಳ ಮೇಲೆ ಗೂಳಿಗಳ ಕೆತ್ತನೆ ಇದೆ. ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಬರುತ್ತದೆ. ನಾನು ತಟ್ಟಿ ಕೇಳಿದ್ದೇನೆ. ಪಾತ್ರೆ ಅಂಗಡಿಯಲ್ಲಿ ಹಿತ್ತಾಳೆ ಕೊಡ ಬಾರಿಸಿ ನೋಡುತ್ತಾರಲ್ಲ, ಹಾಗೆ. ಹೋಗಲು ಆಗದವರು ಊರಲ್ಲೇ ಇರುವ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ನೋಡಲಿ. ಬಳ್ಳಾರಿಯಲ್ಲಿ ಐದು ವರ್ಷ ಓದಿ ಅದರ ಬಾಗಿಲು ತುಳಿಯದೆ ಹೋದವರು ಜಾಸ್ತಿ.

26ಕ್ಕೆ ಸಂವಿಧಾನ ದಿನ, ಅಂಗೀಕಾರವಾಗಿ 75 ವರ್ಷ. ಪೀಠಿಕೆ ಓದುವುದು ಇದ್ದದ್ದೇ.

ಡಿಸೆಂಬರ್ 1 ಏಡ್ಸ್ ದಿನ, ಭಾನುವಾರ ಬಂದಿದೆ. ಹಾಗಾಗಿ ರಕ್ತದಾನ ಸೋಮವಾರ 2ಕ್ಕೆ. 18 ತುಂಬಿರಬೇಕು, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5 ಇರಬೇಕು. ನಮ್ಮ ಹಾಸ್ಟೆಲ್ ಹುಡುಗಿಯರಲ್ಲಿ ಆಸೆಯಿಂದ ಬಂದು ಈ ಕೊನೆಯದರಲ್ಲಿ ವಾಪಸ್ ಹೋಗುವವರು ಪ್ರತಿ ಸಲ ಇರುತ್ತಾರೆ. ಶೇಂಗಾ ಚಟ್ನಿ, ಸೊಪ್ಪಿನ ಪಲ್ಯ ಈಗಿಂದಲೇ ಶುರು ಮಾಡಿ ಅಂತ ಬರೆಸಲು ಹೋದೆ. 'ಅಪ್ಪಾ, ಇದು ನೋಟಿಸಾ, ಅಡುಗೆ ಪುಸ್ತಕನಾ?' ಅಂದಳು ಮಗಳು.

ಮಂಡ್ಯದ ಸಾಹಿತ್ಯ ಸಮ್ಮೇಳನ ಡಿಸೆಂಬರ್ 20, 21, 22. ಕನ್ನಡ ವಿಭಾಗದವರು ಹಂಪಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಹುಡುಕುತ್ತಿದ್ದಾರೆ. ಇಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ಮಂಡ್ಯದಲ್ಲೇ ಇಳಿಯಬಹುದು, ಆದರೆ ಸ್ಲೀಪರ್ ಈಗಲೇ ವೇಟಿಂಗ್. ಯಾರಿಗೆ ಒಒಡಿ, ಅಂದರೆ ಡ್ಯೂಟಿ ಲೆಕ್ಕದ ರಜೆ, ಸಿಗುತ್ತದೆ ಅನ್ನುವುದೇ ಅವರ ವಿಭಾಗದಲ್ಲಿ ಈಗ ದೊಡ್ಡ ವಿಚಾರಗೋಷ್ಠಿ.

ಅಕ್ಕನ ಮಗ ನಿನ್ನೆಯೇ ಆಧಾರ್ ಸೆಂಟರಿಗೆ ಹೋಗಿಬಂದ. ರಸೀದಿಯ ಫೋಟೋ ತೆಗೆದು ವಾಟ್ಸಾಪ್‌ಗೆ ಕಳಿಸಿದ್ದಾನೆ. ಕೆಳಗೆ 'ಮುಂದಿನ ಸುತ್ತು ಯಾವಾಗ ಸಾರ್' ಅಂತ. ನೀಲಿ ಗೆರೆ ಬಿದ್ದಿದೆ, ನಾನಿನ್ನೂ ಉತ್ತರ ಬರೆದಿಲ್ಲ. ಚಾರ್ಟಿನ ತಲೆಯ ಮೇಲೆ, ಎಲ್ಲಕ್ಕಿಂತ ಮೊದಲು, 'ನಿಮ್ಮ ಆಧಾರ್‌ಗೆ ಯಾವ ಫೋನ್ ನಂಬರ್ ಇದೆ?' ಅಂತ ದೊಡ್ಡದಾಗಿ ಬರೆಸಿದ್ದು ಅವನ ನೆನಪಲ್ಲೇ.

ಅಟೆಂಡರ್‌ಗೆ ಫೋನ್ ಮಾಡಿ ನಾಳೆ ಬೀಗದ ಕೈ ಮರೆಯದೆ ತರಲು ಹೇಳಿದೆ. 'ಹಾರ ತರ್ಲೋ, ಬೀಗದ ಕೈ ತರ್ಲೋ ಸಾರ್?' ಅಂದ. ಎರಡೂ ತಾರಪ್ಪಾ ಅಂದೆ.

ದಿನಾಂಕಗಳನ್ನೆಲ್ಲ ಕೆಂಪಕ್ಷರದಲ್ಲಿ ಬರೆಯಲು ಹೇಳಿದ್ದೆ. ಮಗಳ ಕೆಂಪು ಸ್ಕೆಚ್ ಪೆನ್ನು ಸಂವಿಧಾನ ದಿನದ ಹೊತ್ತಿಗೆ ಒಣಗಿತು. ನೀರು ಹಾಕಿ ಕುಲುಕಿದರೂ ಆಗಲಿಲ್ಲ. ರಕ್ತದಾನದ ತಾರೀಖು ನೀಲಿಯಲ್ಲಿದೆ.