ಸದಸ್ಯರು ಎದ್ದು ಹೋದರೆ ಅದನ್ನೂ ನಡವಳಿಯಲ್ಲಿ ಬರೆಯಿರಿ

ಮಂಡ್ಯ ಜಿಲ್ಲೆಯ ಒಂದು ಪುರಸಭೆಯಲ್ಲಿ ನಾನು ಸಭೆಗಳ ಕೆಲಸ ನೋಡಿಕೊಳ್ಳುತ್ತೇನೆ. ಅಜೆಂಡಾ ಹಂಚುವುದು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸುವುದು, ನಡವಳಿ ಬರೆಯುವುದು. ಮೈಸೂರಿನಂಥ ಪಾಲಿಕೆಗಳಿಗೆ 1976ರ ಕಾಯ್ದೆ. ಅಲ್ಲಿ ತೆರಿಗೆ-ಹಣಕಾಸು, ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರ ಅಂತ ನಾಲ್ಕು ಸ್ಥಾಯಿ ಸಮಿತಿಗಳಿವೆ. ನಮಗೆ 1964ರ ಪುರಸಭೆಗಳ ಕಾಯ್ದೆ, ಇರುವುದು ಒಂದೇ ಸ್ಥಾಯಿ ಸಮಿತಿ. ಬೀದಿ ದೀಪ, ಮಳಿಗೆ, ಸಂತೆ ಸುಂಕ ಎಲ್ಲವೂ ಅದೇ ಟೇಬಲ್‌ಗೆ ಬರುತ್ತವೆ. ಊರು ಚಿಕ್ಕದು. ಯಾವ ಕಡತ ತೆಗೆದರೂ ಸಮಿತಿಯಲ್ಲಿ ಯಾರೋ ಒಬ್ಬರ ನೆಂಟರ ಹೆಸರು ಅದರಲ್ಲಿ ಇದ್ದೇ ಇರುತ್ತದೆ.

ಆ ದಿನ ಬಸ್ ಸ್ಟ್ಯಾಂಡ್ ಮಳಿಗೆಗಳ ವಿಷಯ. ಅವಧಿ ಮುಗಿದಿತ್ತು. ಇದ್ದವರಿಗೇ ಮುಂದುವರಿಸಬೇಕಾ, ಹರಾಜು ಹಾಕಬೇಕಾ? ಒಬ್ಬ ಸದಸ್ಯರ ಅಣ್ಣನ ಹೆಸರಲ್ಲೂ ಒಂದು ಮಳಿಗೆ ಇತ್ತು. ಕೂಡು ಕುಟುಂಬ, ವ್ಯಾಪಾರವೂ ಒಟ್ಟಿಗೇ. ನಾನು ವಿಷಯ ಓದಿದೆ. ಯಾರೂ ಬಾಯಿ ಬಿಡಲಿಲ್ಲ, ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು.

ಅವರೇ ಎದ್ದರು. "ನಮ್ಮನೆ ಅಂಗಡಿನೂ ಇದೆ ಇದ್ರಲ್ಲಿ. ನಾನು ಹೊರಗಿರ್ತೀನಿ."

"ಕೂತ್ಕೊಳ್ಳಣ್ಣ, ನೀನೆದ್ರೆ ಕೋರಂ ಹೋಯ್ತದೆ. ಮಾತಾಡ್ಬೇಡ, ಅಷ್ಟು ಸಾಕು" ಅಂದರು ಸಮಿತಿ ಅಧ್ಯಕ್ಷರು. ಕೋರಂ ಅಂದರೆ ಸಭೆ ನಡೆಸಲು ಇರಲೇಬೇಕಾದಷ್ಟು ಸದಸ್ಯರು.

ಆದರೂ ಅವರು ಹೋದರು. ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಇದ್ರು ಅಂತ್ಲೇ ಬರ್ಕೊಳಪ್ಪ, ಸಹಿ ಆಗಿದೆಯಲ್ಲ."

ನಾನು ಪೆನ್ನು ಹಿಡಿದುಕೊಂಡೇ ಇದ್ದೆ. ಮುಖ್ಯಾಧಿಕಾರಿಗಳು ಕಡತದ ಹಾಳೆ ತಿರುವುತ್ತಿದ್ದರು, ತಲೆ ಎತ್ತಲಿಲ್ಲ. ಅವರು ಒಂದು ಮಾತು ಹೇಳಬಹುದಿತ್ತು, ಅಲ್ವಾ? ಕೊನೆಗೆ ನಾನೇ ಹೇಳಿದೆ: "ಸಾರ್, ಸಹಿ ಸಭೆ ಶುರುವಾಗುವಾಗ ಹಾಕಿದ್ದು. ಎದ್ದು ಹೋಗಿದ್ದನ್ನ ಬರೀಲೇಬೇಕು. ಆಡಿಟ್‌ನಲ್ಲಿ ಕೇಳಿದ್ರೆ ಉತ್ತರ ನಾನು ಕೊಡಬೇಕು." ಅಧ್ಯಕ್ಷರಿಗೆ ತುಂಬಾ ಸಿಟ್ಟು ಬಂತು. ಆದರೆ ವಿಷಯ ಮುಂದಿನ ಸಭೆಗೆ ಹೋಯಿತು. ಸದಸ್ಯರು ಹೊರಗೆ ಹೋದ ಸಮಯ, ಕಾರಣ ಎರಡನ್ನೂ ಅಲ್ಲೇ ಬರೆದೆ.

ಸುಮ್ನೆ ಕೂತಿದ್ದರೆ ಏನು ತಪ್ಪು ಅಂತ ಆಮೇಲೆ ತುಂಬಾ ಜನ ಕೇಳಿದರು. ಅವರು ಎದುರಿಗೆ ಕೂತಿರುವಾಗ ಹರಾಜು ಹಾಕಿ ಅನ್ನಲು ಬೇರೆಯವರಿಗೆ ಬಾಯಿ ಬರುವುದಿಲ್ಲ. ನಾಳೆ ತಮ್ಮ ವಾರ್ಡಿನ ಚರಂಡಿ ಕೆಲಸಕ್ಕೆ ಅವರ ಒಪ್ಪಿಗೆಯೂ ಬೇಕಲ್ಲ. ವಾರ್ಡಿನ ಜನರ ಅರ್ಜಿ ತರುವುದು, ಅವರ ಪರ ಜೋರಾಗಿ ವಾದ ಮಾಡುವುದು ಸದಸ್ಯರ ಕೆಲಸವೇ. ಅದನ್ನು ಯಾರೂ ಬೇಡ ಅನ್ನುವುದಿಲ್ಲ. ಸ್ವಂತ ಮನೆಯ ದುಡ್ಡಿನ ವಿಷಯ ಬಂದಾಗ ಮಾತ್ರ ಕೋಣೆಯಲ್ಲೇ ಇರಬಾರದು.

ನಮ್ಮ ಕಚೇರಿಯ ಮೇಲೂ ನನಗೆ ಬೇಸರ ಇದೆ. ಅಜೆಂಡಾ ಕೊನೆ ಗಳಿಗೆಯಲ್ಲಿ ಕೈಗೆ ಕೊಡುತ್ತೇವೆ, ಜೊತೆಗೆ ಬಾಡಿಗೆದಾರರ ಪಟ್ಟಿ ಇರುವುದಿಲ್ಲ. ತಮ್ಮವರ ಹೆಸರು ಇದೆ ಅಂತ ಸದಸ್ಯರಿಗೆ ಮೊದಲೇ ಗೊತ್ತಾದರೆ ಅವರು ಮೊದಲೇ ಹೇಳುತ್ತಾರೆ, ನಾವೂ ಉಳಿದವರಿಗೆ ಫೋನ್ ಮಾಡಿ ಕೋರಂ ಸರಿ ಮಾಡಿಕೊಳ್ಳಬಹುದು. ಈಗ ನಾನು ಪ್ರತಿ ಟಿಪ್ಪಣಿಗೂ ಪಟ್ಟಿ ಲಗತ್ತಿಸುತ್ತೇನೆ. ಝೆರಾಕ್ಸ್ ಖರ್ಚು ಜಾಸ್ತಿ ಅನ್ನುತ್ತಾರೆ. ಅನ್ನಲಿ.

ಮುಂದಿನ ಸಭೆಗೆ ಸಾಕಷ್ಟು ಜನ ಬಂದರು. ಆ ಸದಸ್ಯರು ವಿಷಯ ಓದುವ ಮೊದಲೇ ಹೊರಗೆ ಹೋದರು. ಚರ್ಚೆ ಜೋರಾಗಿಯೇ ನಡೆದು ಹರಾಜು ಅಂತ ತೀರ್ಮಾನವಾಯಿತು. ಅವರ ಅಣ್ಣ ಎಲ್ಲರ ಹಾಗೆ ಠೇವಣಿ ಕಟ್ಟಿ ಹರಾಜಿನಲ್ಲಿ ಕೂಗಿದರು.