ಡಿಟೆಕ್ಟರ್ ತೋರಿಸುವ ಆರು ಇಂಚು ನಿಜಕ್ಕೂ ಎಷ್ಟು?

ಮೆಟಲ್ ಡಿಟೆಕ್ಟರಿನ ಪರದೆಯಲ್ಲಿ 6 ಇಂಚು ಎಂದು ಬಂತು. ಅಗೆದರೆ ನಾಣ್ಯ ನಾಲ್ಕಕ್ಕೇ ಸಿಕ್ಕಿತು, ಇಲ್ಲವೇ ಹನ್ನೆರಡು ಇಂಚಿನಲ್ಲಿ ತಗಡಿನ ಡಬ್ಬಿ ಸಿಕ್ಕಿತು. ಯಂತ್ರ ಕೆಟ್ಟಿಲ್ಲ. ಅದಕ್ಕೆ ಆಳ ಕಾಣುವುದೇ ಇಲ್ಲ, ಸಿಗ್ನಲ್ ಎಷ್ಟು ಜೋರಾಗಿದೆ ಎಂಬುದಷ್ಟೇ ಗೊತ್ತು. ರಾತ್ರಿ ಕಿವಿಗೆ ಬಿದ್ದ ಚೆಂಡೆಯ ಸದ್ದು ಪಕ್ಕದ ಬಯಲಿನದೋ ಆಚೆ ಊರಿನದೋ ಎಂದು ಹೇಳಬೇಕಾದರೆ, ಬಡಿತ ಎಷ್ಟು ಜೋರಿನದೆಂದು ಮೊದಲೇ ಗೊತ್ತಿರಬೇಕು. ಡಿಟೆಕ್ಟರ್ ಅದನ್ನು ಊಹಿಸಿಕೊಂಡು ಕೂತಿರುತ್ತದೆ: ಕೆಳಗಿರುವುದು ನಾಣ್ಯದಷ್ಟು ಗಾತ್ರದ್ದು, ಮಟ್ಟಸವಾಗಿ ಮಲಗಿದೆ, ಕಾಯಿಲಿನ, ಅಂದರೆ ನೆಲದ ಮೇಲೆ ಆಡಿಸುವ ದುಂಡು ತಲೆಯ, ನಟ್ಟನಡುವೆ ಇದೆ. ಈ ಮೂರರಲ್ಲಿ ಯಾವುದು ತಪ್ಪಿದರೂ ಅಂಕಿ ತಪ್ಪುತ್ತದೆ.

ಎಷ್ಟು ತಪ್ಪುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ಸಿಗ್ನಲ್ ಹೋಗುವಾಗಲೂ ಬರುವಾಗಲೂ ಕ್ಷೀಣಿಸುವುದರಿಂದ, ಕಾಯಿಲಿನ ತ್ರಿಜ್ಯದ ವರ್ಗಕ್ಕೆ ಆಳದ ವರ್ಗ ಕೂಡಿಸಿ ಬಂದ ಮೊತ್ತದ ಘನಕ್ಕೆ ಅದು ವಿಲೋಮವಾಗಿರುತ್ತದೆ. ಒಳ್ಳೆಯ ವಾಹಕ ಲೋಹದ ಬಿಲ್ಲೆಯ ಸಿಗ್ನಲ್ ಸ್ಥೂಲವಾಗಿ ವ್ಯಾಸದ ಘನಕ್ಕೆ ಅನುಪಾತದಲ್ಲಿರುತ್ತದೆ. 22 ಸೆಂಮೀ ಕಾಯಿಲನ್ನು ಅಮೆರಿಕದ ಕ್ವಾರ್ಟರ್‌ಗೆ, ಅಂದರೆ 24.26 ಮಿಮೀ ನಾಣ್ಯಕ್ಕೆ ಹೊಂದಿಸಿದ್ದಾರೆ ಎಂದಿಟ್ಟುಕೊಳ್ಳಿ. ಅಲ್ಲಿಯದೇ 17.91 ಮಿಮೀ ಡೈಮ್ ನಾಣ್ಯ 10 ಸೆಂಮೀ ಆಳದಲ್ಲಿದ್ದರೆ ಸುಮಾರು 13 ಎಂದು ತೋರಿಸುತ್ತದೆ. ಐದನೇ ಜಾರ್ಜ್ ಕಾಲದ 30.5 ಮಿಮೀ ಬೆಳ್ಳಿ ರೂಪಾಯಿ 15 ಸೆಂಮೀ ಕೆಳಗಿದ್ದರೆ 12 ಚಿಲ್ಲರೆ. ಕೂತಲ್ಲೇ ಚಪ್ಪಟೆಯಾದ 66 ಮಿಮೀ ಪಾನೀಯದ ಡಬ್ಬಿ 30 ಸೆಂಮೀ ಆಳದಲ್ಲಿದ್ದರೂ ತೋರುವುದು 16! ನಾಣ್ಯ ನಾಣ್ಯಗಳ ನಡುವಿನ ವ್ಯತ್ಯಾಸ ಎರಡು ಮೂರು ಸೆಂಮೀ, ಸಹಿಸಿಕೊಳ್ಳಬಹುದು. ಡಬ್ಬಿ ಮಾತ್ರ ಅರ್ಧಕ್ಕರ್ಧ ಮೋಸ ಮಾಡುತ್ತದೆ.

ಅಂಚಿನ ಮೇಲೆ ನಿಂತ ನಾಣ್ಯ ಇದರ ತದ್ವಿರುದ್ಧ. ಕಾಂತಕ್ಷೇತ್ರಕ್ಕೆ ಎದುರಾಗುವ ಮೈ ಕಡಿಮೆಯಾಗಿ ಸಿಗ್ನಲ್ ಸೊರಗುತ್ತದೆ, ಇರುವುದಕ್ಕಿಂತ ಆಳ ಎಂದು ಕಾಣುತ್ತದೆ. ನಾಲ್ಕೈದು ನಾಣ್ಯ ಒಟ್ಟಿಗೆ ಬಿದ್ದಿದ್ದರೆ ಮೇಲೆಯೇ ಇದ್ದಂತೆ ತೋರುತ್ತದೆ.

ಮೊದಲ ಐದು ಸೆಂಮೀಟರಿನಲ್ಲಿ ಪರದೆಯ ಮೇಲಿನ ಆಳದ ಪಟ್ಟಿಯನ್ನು ನಂಬಬೇಡಿ. ಅದೇ ಕಾಯಿಲಿನಲ್ಲಿ ನಾಣ್ಯ ಮೇಲ್ಮೈಯಿಂದ 3 ಸೆಂಮೀಗೆ ಇಳಿದರೆ ಸಿಗ್ನಲ್ ಐದರಲ್ಲೊಂದು ಭಾಗದಷ್ಟೇ ಕುಗ್ಗುತ್ತದೆ. 15ರಿಂದ 18ಕ್ಕೆ ಇಳಿದರೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಹಾಗಾಗಿ ನಡುಮಟ್ಟದಲ್ಲೇ ಅಂದಾಜು ಚೆನ್ನಾಗಿ ಕೂರುತ್ತದೆ. ಇನ್ನೂ ಕೆಳಗೆ ಹೋದರೆ ನೆಲದ ಗದ್ದಲವೇ ನಾಣ್ಯದ ಸದ್ದನ್ನು ನುಂಗುತ್ತದೆ. ಕರಾವಳಿಯ ಮುರಕಲ್ಲಿನಂಥ ಕಬ್ಬಿಣಾಂಶದ ನೆಲದಲ್ಲಿ ಇದು ಬೇಗ ಆಗುತ್ತದೆ. ಅಲ್ಲಿ ಗ್ರೌಂಡ್ ಬ್ಯಾಲೆನ್ಸ್ ಮಾಡದೆ, ಅಂದರೆ ಯಂತ್ರವನ್ನು ಆ ನೆಲಕ್ಕೆ ಹೊಂದಿಸಿಕೊಳ್ಳದೆ, ಆಳ ನೋಡುವುದು ದಂಡ.

ಇನ್ನೊಂದು ಸಣ್ಣ ವಿಷಯ, ಬಹಳ ಜನ ಮರೆಯುವುದು: ಅಂಕಿ ಶುರುವಾಗುವುದು ಕಾಯಿಲಿನಿಂದ, ನೆಲದಿಂದಲ್ಲ. ಹುಲ್ಲಿನ ಮೇಲೆ 4 ಸೆಂಮೀ ಎತ್ತರದಲ್ಲಿ ಕಾಯಿಲ್ ಆಡಿಸಿದರೆ ಆ 4 ಸೆಂಮೀಯೂ ಆಳದೊಳಗೆ ಸೇರುತ್ತದೆ. ಕಂಪನಿ ಕೊಟ್ಟದ್ದನ್ನು ಬಿಟ್ಟು ಬೇರೆ ಅಳತೆಯ ಕಾಯಿಲ್ ಹಾಕಿದರೆ ಪಟ್ಟಿಯ ಹಳೆಯ ಲೆಕ್ಕ ನಡೆಯುವುದಿಲ್ಲ.

ಆಳ ಓದಬೇಕಾದದ್ದು ಬೀಸುವಾಗಲ್ಲ, ಗುರಿಯ ನಿಖರ ಜಾಗ ಹಿಡಿಯುವ ಪಿನ್‌ಪಾಯಿಂಟ್ ಮೋಡ್‌ನಲ್ಲಿ. ಕಾಯಿಲನ್ನು ಗುರಿಯಿಂದ ಒಂದಡಿ ಆಚೆ ನೆಲಕ್ಕೆ ತಾಗಿಸಿ, ಅಲ್ಲಿ ಬಟನ್ ಒತ್ತಿ, ಒತ್ತಿಕೊಂಡೇ ಗುರಿಯ ಮೇಲೆ ತನ್ನಿ. ಎಡಬಲ ಒಮ್ಮೆ, ಹಿಂದೆಮುಂದೆ ಒಮ್ಮೆ ಸರಿಸಿ. ಸದ್ದು ಅತಿ ಜೋರಾಗುವ ಜಾಗದಲ್ಲಿ ಅಂಕಿ ನೋಡಿ. ಗುರಿಯ ಮೇಲೆಯೇ ನಿಂತು ಬಟನ್ ಒತ್ತಿದರೆ ಕೆಲವು ಯಂತ್ರಗಳು ಆ ಸಿಗ್ನಲನ್ನೇ ಸೊನ್ನೆ ಎಂದು ಹಿಡಿಯುತ್ತವೆ. ಆಮೇಲೆ ಬರುವುದೆಲ್ಲ ಸುಳ್ಳು ಆಳ.

ಅದೇ ಜಾಗದಲ್ಲಿ ಕಾಯಿಲನ್ನು ನೇರ ಮೇಲಕ್ಕೆ 10 ಸೆಂಮೀ ಎತ್ತಿ. ಮೇಲಿನ ಲೆಕ್ಕದಂತೆ, 16 ಸೆಂಮೀ ಆಳದ ನಾಣ್ಯದ ಸಿಗ್ನಲ್ ಒಂಬತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. 30 ಸೆಂಮೀಯಲ್ಲಿ ಕೂತು 16 ಎಂದು ನಟಿಸುವ ಡಬ್ಬಿಯದು ಐದರಲ್ಲೊಂದಕ್ಕೆ ಮಾತ್ರ. ಎತ್ತಿದರೂ ಜಗ್ಗದ ಸದ್ದು ಬಂದರೆ ಅದು ದೊಡ್ಡ ವಸ್ತು, ಅಂಕಿಯನ್ನು ಮರೆತುಬಿಡಿ.

ನಿಮ್ಮ ಯಂತ್ರದ ತಪ್ಪು ಎಷ್ಟೆಂದು ತಿಳಿಯಲು ಗುಂಡಿ ತೋಡಿ ನಾಣ್ಯ ಹೂಳಿ ನೋಡುವುದು ಅಷ್ಟೇನೂ ಸರಿಯಲ್ಲ. ಕೆದಕಿದ ಮಣ್ಣು ಗಟ್ಟಿ ನೆಲದಂತೆ ವರ್ತಿಸುವುದಿಲ್ಲ. ಹಿತ್ತಲಿನಲ್ಲಿ ಖಾಲಿ ಜಾಗ ಹುಡುಕಿ, ನೆಲಕ್ಕೆ ಓರೆಯಾಗಿ ಪಿವಿಸಿ ಪೈಪ್ ಇಳಿಸಿ, ಉದ್ದ ಮರದ ಪಟ್ಟಿಯ ತುದಿಗೆ ನಾಣ್ಯವನ್ನು ನೆಲಕ್ಕೆ ಸಮನಾಗಿ ಮಲಗುವಂತೆ ಅಂಟಿಸಿ ಒಳಕ್ಕೆ ಜಾರಿಸಿ. ಪಟ್ಟಿಯ ಮೇಲೆ 5, 10, 15, 20 ಸೆಂಮೀ ನೇರ ಆಳಕ್ಕೆ ಗುರುತು ಹಾಕಿ. ಪೈಪಿನ ಉದ್ದವೇ ಆಳವಲ್ಲ, 45 ಡಿಗ್ರಿ ಓರೆಯಿದ್ದರೆ ಉದ್ದವನ್ನು 1.41ರಿಂದ ಭಾಗಿಸಬೇಕು. ಇಲ್ಲಿ ನಮ್ಮ ಈಗಿನ ಒಂದು, ಎರಡು ರೂಪಾಯಿ ನಾಣ್ಯ ಬೇಡ. ಅವು ಮ್ಯಾಗ್ನೆಟ್‌ಗೆ ಅಂಟುವ ಸ್ಟೇನ್‌ಲೆಸ್ ಸ್ಟೀಲ್, ಡಿಟೆಕ್ಟರ್ ಅವನ್ನು ಕಬ್ಬಿಣದ ಕಡೆಗೆ ತಳ್ಳುತ್ತದೆ. 23 ಮಿಮೀಯ ಹಿತ್ತಾಳೆ ಬಣ್ಣದ ಐದು ರೂಪಾಯಿ, ಅಥವಾ ಹಳೆಯ ತಾಮ್ರದ ಕಾಲಾಣೆ ಕ್ವಾರ್ಟರಿನ ಗಾತ್ರಕ್ಕೆ ಹತ್ತಿರ. ಹಾಕುವ ಮುಂಚೆ ಮ್ಯಾಗ್ನೆಟ್ ತಾಗಿಸಿ ನೋಡಿಕೊಳ್ಳಿ.

ಹಿತ್ತಲು ದಾಟಿ ಹೋಗುವವರಿಗೆ: ನಿಧಿ ಸಿಕ್ಕರೆ ಕಾನೂನಿನ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಸಂರಕ್ಷಿತ ಸ್ಮಾರಕಗಳ ಜಾಗದಲ್ಲಂತೂ ಅನುಮತಿಯಿಲ್ಲದೆ ಅಗೆಯುವಂತೆಯೇ ಇಲ್ಲ.

ಅಗೆಯುವಾಗ ಪರದೆ 15 ಎಂದರೆ 8 ಸೆಂಮೀ ದಾಟಿದ ಮೇಲೆ ಗುದ್ದಲಿ ಬಿಟ್ಟು ಕೈಕರಣೆ ಹಿಡಿಯಿರಿ. ನಾಣ್ಯಕ್ಕೆ ಗೀರು ಬೀಳುವುದು ಹೆಚ್ಚಾಗಿ ಅಂಕಿ ನಂಬಿ ಜೋರಾಗಿ ಹೊಡೆದಾಗ. ಮಣ್ಣಿನ ಹೆಂಟೆ ಎತ್ತಿದ ಮೇಲೆ ಮೊದಲು ಹೆಂಟೆಯನ್ನು, ಆಮೇಲೆ ಗುಂಡಿಯನ್ನು ಬೇರೆ ಬೇರೆಯಾಗಿ ಕಾಯಿಲಿನಿಂದ ನೋಡಿ. ಎಷ್ಟೋ ಸಲ ನಾಣ್ಯ ಹೆಂಟೆಯಲ್ಲೇ ಇರುತ್ತದೆ, ಜನ ಗುಂಡಿ ತೋಡುತ್ತಲೇ ಇರುತ್ತಾರೆ.